ಚಿಕ್ಕು ಮರದ ಸೊನೆ ನ್ಯೂಯಾರ್ಕಿಗೆ ಹೋದ ಕಥೆ

ಬಕಾಲದಲ್ಲಿ ಸಾಮಾನು ಕೊಂಡು ದುಡ್ಡು ಕೊಟ್ಟಾಗ, ಚಿಲ್ಲರೆ ಇಲ್ಲವೆಂದು ಅಂಗಡಿಯವನು ಎರಡು ಚ್ಯೂಯಿಂಗ್ ಗಮ್ ಕೈಗಿಡುವುದು ಗಲ್ಫಿನಲ್ಲಿರುವ ನಮಗೆಲ್ಲ ಗೊತ್ತಿರುವ ಲೆಕ್ಕ. ಜಗಿದು ಉಗುಳುವ ಆ ತುಂಡಿಗೂ ನಮ್ಮೂರ ಹಿತ್ತಲಿನ ಚಿಕ್ಕು ಮರಕ್ಕೂ ನೆಂಟಸ್ತಿಕೆ ಇದೆ ಎಂದರೆ ಹಲವರು ನಂಬಲಿಕ್ಕಿಲ್ಲ. ಆ ನೆಂಟಸ್ತಿಕೆ ಬೆಳೆದದ್ದು ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿಯಲ್ಲಿ, ಅದೂ ಒಂದು ಔಷಧದಂಗಡಿಯ ಮೂಲಕ. ಆಸ್ಪತ್ರೆಯ ಫಾರ್ಮಸಿಯಲ್ಲಿ ದುಡಿಯುವ ನಮಗೆ ಈ ಕಥೆ ಹೇಳಲು ಅಷ್ಟು ನೆಪ ಸಾಕು.

ಮರದಿಂದ ಒಸರುವುದೆಲ್ಲ ಒಂದೇ ಅಲ್ಲ. ನೀರಿನಲ್ಲಿ ಕರಗುವುದು ಗೋಂದು. ನೀರಿನಲ್ಲಿ ಕರಗದೆ ಸ್ಪಿರಿಟ್ಟಿನಲ್ಲಿ ಕರಗುವುದು ರಾಳ. ರಬ್ಬರಿನಂತೆ ಹಾಲಾಗಿ ಇಳಿಯುವುದು ಮೂರನೆಯ ಜಾತಿ. ಡಿ.ಫಾರ್ಮ ಓದುವಾಗ ಎಣ್ಣೆ ನಾಲ್ಕು ಪಾಲು, ನೀರು ಎರಡು ಪಾಲು, ಅಕೇಶಿಯ ಗೋಂದು ಒಂದು ಪಾಲು ಎಂದು ಬಾಯಿಪಾಠ ಮಾಡಿ, ಮಾರ್ಟರಿನಲ್ಲಿ ಎಮಲ್ಷನ್ ಅರೆದದ್ದು ನಮಗೆ ಇನ್ನೂ ನೆನಪಿದೆ. ಆ ಗೋಂದು ಹೆಚ್ಚಾಗಿ ಬರುವುದು ಸುಡಾನಿನಿಂದ. ಗೋಕಾಕ, ಅಮೀನಗಡದ ಕರದಂಟಿನಲ್ಲಿರುವ ‘ಅಂಟು’ ಕೂಡ ಕರಿದ ಗೋಂದೇ. ಸಲಾಲಾದ ಲುಬಾನಿನಲ್ಲಿ ಗೋಂದು, ರಾಳ ಎರಡೂ ಬೆರೆತಿವೆ. ಚಿಕ್ಕು ಮರದ್ದು ಮಾತ್ರ ಹಾಲು. ಕಾಯಿ ಕಿತ್ತಾಗ ತೊಟ್ಟಿನಿಂದ ಬಿಳಿ ಸೊನೆ ಒಸರಿ ಬೆರಳಿಗೆ ಅಂಟುತ್ತದಲ್ಲ, ಅದೇ.

ಚಿಕ್ಕು ಮರದ ತವರು ಮೆಕ್ಸಿಕೊದ ಯುಕಟಾನ್ ಮತ್ತು ಗ್ವಾಟೆಮಾಲಾದ ಪೆಟೆನ್ ಕಾಡುಗಳು. ಅಲ್ಲಿಯ ಮಾಯಾ ಜನ ಈ ಸೊನೆಯನ್ನು ಬಹಳ ಹಿಂದಿನಿಂದಲೂ ಜಗಿಯುತ್ತಿದ್ದರು. ಕುದಿಸಿ ಗಟ್ಟಿ ಮಾಡಿದ ಸೊನೆಗೆ ‘ಚಿಕ್ಲೆ’ ಎಂದು ಹೆಸರು. ನಮ್ಮ ‘ಚಿಕ್ಕು’ ಎಂಬ ಮಾತೂ ಅದೇ ಮೂಲದ್ದು ಎನ್ನುತ್ತಾರೆ.

ಇದನ್ನು ನ್ಯೂಯಾರ್ಕಿಗೆ ತಲುಪಿಸಿದವನು ಗಡೀಪಾರಾಗಿದ್ದ ಒಬ್ಬ ಜನರಲ್. 1836ರಲ್ಲಿ ಅಲಾಮೊ ಕೋಟೆಯನ್ನು ಮುತ್ತಿ ಗೆದ್ದ, ಹಲವು ಬಾರಿ ಮೆಕ್ಸಿಕೊದ ಅಧ್ಯಕ್ಷನಾಗಿದ್ದ ಸಾಂತಾ ಆನಾ 1866ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ನೆಲೆಸಿದ್ದ. ರಬ್ಬರಿನ ಬದಲು ಈ ಅಗ್ಗದ ಚಿಕ್ಲೆಯಿಂದ ಗಾಡಿಯ ಟೈರು ಮಾಡಿದರೆ ಹಣ ಬರುತ್ತದೆ, ಆ ಹಣದಲ್ಲಿ ಮತ್ತೆ ಅಧಿಕಾರ ಹಿಡಿಯಬಹುದು ಎಂಬುದು ಅವನ ಆಸೆ. ಥಾಮಸ್ ಆಡಮ್ಸ್ ಎಂಬ ಫೋಟೊಗ್ರಾಫರ್ ಈ ಕೆಲಸಕ್ಕೆ ಕೈಹಾಕಿದ. ಟೈರು ಮಾಡಲು ನೋಡಿದ, ಆಟಿಕೆ ಮಾಡಲು ನೋಡಿದ, ಮಳೆಗಾಲದ ಬೂಟು ಮಾಡಲು ನೋಡಿದ. ಯಾವುದೂ ಕೈಗೂಡಲಿಲ್ಲ. ಸಾಂತಾ ಆನಾ 1874ರಲ್ಲಿ ಬರಿಗೈಯಲ್ಲಿ ಊರಿಗೆ ಮರಳಿ, ಎರಡು ವರ್ಷಕ್ಕೆ ತೀರಿಕೊಂಡ.

ಮುಂದಿನದು ಆಡಮ್ಸ್ ಮನೆಯವರು ಹೇಳುತ್ತಿದ್ದ ಕಥೆ. ಉಳಿದ ಚಿಕ್ಲೆಯನ್ನು ನದಿಗೆ ಎಸೆಯಬೇಕೆಂದಿದ್ದಾಗ, ಔಷಧದಂಗಡಿಯೊಂದರಲ್ಲಿ ಪುಟ್ಟ ಹುಡುಗಿಯೊಬ್ಬಳು ಒಂದು ಸೆಂಟಿಗೆ ಜಗಿಯುವ ಗಮ್ ಕೇಳಿದ್ದನ್ನು ಆಡಮ್ಸ್ ನೋಡಿದ. ಆಗ ಅಮೆರಿಕದಲ್ಲಿ ಜಗಿಯಲು ಸಿಗುತ್ತಿದ್ದದ್ದು ಸ್ಪ್ರೂಸ್ ಮರದ ರಾಳ, ಇಲ್ಲವೇ ಪ್ಯಾರಾಫಿನ್ ಮೇಣ. ಮೆಕ್ಸಿಕೊದವರು ಚಿಕ್ಲೆ ಜಗಿಯುತ್ತಾರಲ್ಲ ಎಂದು ಅವನಿಗೆ ಹೊಳೆಯಿತು. ಮನೆಯಲ್ಲೇ ಕುದಿಸಿ, ನಾದಿ, ಉಂಡೆ ಕಟ್ಟಿ, ಹಡ್ಸನ್ ನದಿಯಾಚೆ ನ್ಯೂಜೆರ್ಸಿಯ ಹೊಬೊಕನ್ ಊರಿನ ಔಷಧದಂಗಡಿಗೆ ಕೊಟ್ಟ. ಅದು ಬೇಗ ಖರ್ಚಾಯಿತು. 1871ರಲ್ಲಿ ಪೇಟೆಂಟ್ ಸಿಕ್ಕಿತು. 1888ರಲ್ಲಿ ನ್ಯೂಯಾರ್ಕಿನ ರೈಲು ಪ್ಲಾಟ್‌ಫಾರ್ಮುಗಳಲ್ಲಿ ನಾಣ್ಯ ಹಾಕಿದರೆ ಗಮ್ ಕೊಡುವ ಯಂತ್ರಗಳು ನಿಂತವು. 1899ರಲ್ಲಿ ಹಲವು ಕಂಪನಿಗಳು ಸೇರಿ ‘ಅಮೆರಿಕನ್ ಚಿಕ್ಲ್’ ಕಂಪನಿಯಾಯಿತು.

ನ್ಯೂಯಾರ್ಕಿನಲ್ಲಿ ಯಂತ್ರ ತಿರುಗಬೇಕಾದರೆ ಕಾಡಿನಲ್ಲಿ ಯಾರಾದರೂ ಮರ ಹತ್ತಬೇಕಲ್ಲ. ಹತ್ತುವವರಿಗೆ ‘ಚಿಕ್ಲೆರೊ’ ಎಂದು ಹೆಸರು. ಮಳೆಗಾಲದಲ್ಲೇ ಸೊನೆ ಚೆನ್ನಾಗಿ ಇಳಿಯುವುದು. ಸೊಂಟಕ್ಕೆ ಹಗ್ಗ ಕಟ್ಟಿ, ಮಚ್ಚಿನಿಂದ ಕಾಂಡದುದ್ದಕ್ಕೂ ಓರೆಯಾಗಿ ಗೀರುತ್ತಾ ಮೇಲೇರಬೇಕು. ಕಾಲು ಜಾರಿದರೂ ಕಷ್ಟ, ಮಚ್ಚು ಹಗ್ಗಕ್ಕೆ ತಗುಲಿದರೂ ಕಷ್ಟ. ಕಾಡಿನ ನೊಣ ಕಚ್ಚಿ ಲೀಶ್ಮೇನಿಯ ರೋಗ ತಗುಲಿ ಕಿವಿಯೇ ಕೊಳೆತು ಹೋಗುತ್ತಿತ್ತು. ವೈದ್ಯಕೀಯದಲ್ಲಿ ಇಂದಿಗೂ ಅದಕ್ಕೆ ‘ಚಿಕ್ಲೆರೊ ಹುಣ್ಣು’ ಎಂದೇ ಹೆಸರು. ಕಂತ್ರಾಟುದಾರ ಮೊದಲೇ ಮುಂಗಡ ಕೊಟ್ಟು ಕಾಡಿಗೆ ಕಳಿಸುತ್ತಿದ್ದ. ಸಾಲ ತೀರಿಸಲು ಸೊನೆ ಇಳಿಸಬೇಕು. ಏಜೆಂಟನಿಗೆ ಕೊಡಲು ಸಾಲ ಮಾಡಿ ವಿಮಾನ ಹತ್ತಿದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ಈ ಲೆಕ್ಕವನ್ನು ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಗೀರಿದ ಮರಕ್ಕೆ ಕೆಲವು ವರ್ಷ ವಿಶ್ರಾಂತಿ ಕೊಡಬೇಕು. ಬೇಡಿಕೆ ಏರಿದಾಗ ಅದೂ ತಪ್ಪಿ, ಬಹಳ ಮರಗಳು ಸತ್ತವು. ಎರಡನೆಯ ಮಹಾಯುದ್ಧದ ನಂತರ ಕಂಪನಿಗಳು ಕೃತಕ ಪಾಲಿಮರಿಗೆ ಹೋದವು. ಇಂದು ಬಕಾಲದವನು ಕೊಡುವ ಗಮ್ಮಿನಲ್ಲಿ ಚಿಕ್ಕು ಮರದ ಸೊನೆ ಇರುವುದು ತೀರಾ ಅಪರೂಪ.

ಕಥೆಯ ಕೊನೆಯ ಭಾಗ ನಮ್ಮ ವೃತ್ತಿಗೆ ಹತ್ತಿರದ್ದು. 1962ರಲ್ಲಿ ಅಮೆರಿಕನ್ ಚಿಕ್ಲನ್ನು ವಾರ್ನರ್-ಲ್ಯಾಂಬರ್ಟ್ ಎಂಬ ಔಷಧ ಕಂಪನಿ ಕೊಂಡಿತು. ನ್ಯೂಯಾರ್ಕಿನ ಲಾಂಗ್ ಐಲೆಂಡ್ ಸಿಟಿಯ ಕಾರ್ಖಾನೆಯಲ್ಲಿ ಗಮ್ ಯಂತ್ರಕ್ಕೆ ಅಂಟದಿರಲೆಂದು ಮೆಗ್ನೀಸಿಯಂ ಸ್ಟಿಯರೇಟ್ ಪುಡಿ ಉದುರಿಸುತ್ತಿದ್ದರು. ನಾವು ದಿನವೂ ಎಣಿಸಿ ಕೊಡುವ ಮಾತ್ರೆಗಳಲ್ಲಿಯೂ ಇದೇ ಪುಡಿ ಇದೆ. ನುಂಗಿದರೆ ಏನೂ ಆಗುವುದಿಲ್ಲ. ಆದರೆ ಅದರ ಧೂಳು ಗಾಳಿಯಲ್ಲಿ ತುಂಬಿದ್ದಾಗ ಒಂದು ಕಿಡಿ ತಗುಲಿದರೆ ಸಿಡಿಯುತ್ತದೆ. 1976ರ ಫೆಬ್ರವರಿಯಲ್ಲಿ ವಿಮೆಯವರು ಬಂದು ನೋಡಿ, ಧೂಳು ಅಪಾಯ, ಅದನ್ನು ಹೀರಿ ಹೊರಹಾಕುವ ವ್ಯವಸ್ಥೆ ಮಾಡಿ ಎಂದಿದ್ದರು. ಕೆಲಸ ಪೂರ್ತಿಯಾಗಿರಲಿಲ್ಲ. ಅದೇ ವರ್ಷ ನವೆಂಬರ್ 21ರ ನಸುಕಿನಲ್ಲಿ, ರಾತ್ರಿ ಪಾಳಿ ನಡೆಯುತ್ತಿದ್ದಾಗ ಸ್ಫೋಟವಾಯಿತು. ಆರು ಮಂದಿ ಕೆಲಸಗಾರರು ಸತ್ತರು, 50ಕ್ಕೂ ಹೆಚ್ಚು ಜನ ಗಾಯಗೊಂಡರು. ಕಂಪನಿಯ ಮೇಲೂ ಕೆಲವು ಅಧಿಕಾರಿಗಳ ಮೇಲೂ ನರಹತ್ಯೆಯ ಆರೋಪ ಬಂತು. ಸ್ಫೋಟಕ್ಕೆ ಕಾರಣವಾದ ಕಿಡಿ ಹೀಗೆಯೇ ಹೊತ್ತೀತೆಂದು ಮೊದಲೇ ಊಹಿಸಬಹುದಿತ್ತು ಎನ್ನಲು ಸಾಕ್ಷ್ಯ ಸಾಲದೆಂದು 1980ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯ ಆರೋಪಪಟ್ಟಿಯನ್ನು ವಜಾ ಮಾಡಿತು.

ನಮ್ಮ ಓದುಗರಲ್ಲಿ ಹಿಟ್ಟಿನ ಗಿರಣಿ, ಮರದ ವರ್ಕ್‌ಶಾಪ್, ಪ್ಲಾಸ್ಟಿಕ್, ಅಲ್ಯುಮಿನಿಯಂ ಕಾರ್ಖಾನೆಗಳಲ್ಲಿ ದುಡಿಯುವವರು ಇದ್ದೀರಿ. ಹಿಟ್ಟು, ಸಕ್ಕರೆ, ಮರದ ಪುಡಿ, ಲೋಹದ ಪುಡಿ ಎಲ್ಲಕ್ಕೂ ಇದೇ ಗುಣವಿದೆ. ತೊಲೆಗಳ ಮೇಲೆ, ಯಂತ್ರಗಳ ಹಿಂದೆ ಧೂಳು ಕೂತಿದ್ದರೆ, ಹೀರುವ ಫ್ಯಾನ್ ಕೆಟ್ಟಿದ್ದರೆ, ಸೇಫ್ಟಿಯವರಿಗೆ ಹೇಳಿ. ಒಬ್ಬರೇ ಹೇಳಲು ಅಳುಕಾದರೆ ನಾಲ್ಕು ಜನ ಸೇರಿ ಹೇಳಿ, ಆಗುವುದಾದರೆ ಬರೆದು ಕೊಡಿ. ರಜೆಯಲ್ಲಿ ಊರಿಗೆ ಹೋದಾಗ ಹಿತ್ತಲಿನ ಚಿಕ್ಕು ಕಿತ್ತು ಕೈ ಅಂಟಂಟಾದರೆ, ತೊಳೆಯುವ ಮುನ್ನ ಆ ಮರ ಹತ್ತಿದವರನ್ನೂ ಆ ರಾತ್ರಿ ಪಾಳಿಯವರನ್ನೂ ಒಮ್ಮೆ ನೆನೆಯೋಣ.