ಎಂಥಾಲ್ಪಿ

ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ಅಪಾರ್ಟ್‌ಮೆಂಟುಗಳಲ್ಲಿ ಕೊಳವೆ ಗ್ಯಾಸಿನ ಒಲೆ ಹಚ್ಚಿದಾಗ ಉರಿಯುವುದು ಮುಖ್ಯವಾಗಿ ಮೀಥೇನ್. ಅದರ ಒಂದು ಮೋಲ್, ಅಂದರೆ 16 ಗ್ರಾಂ, ಪೂರ್ತಿ ಉರಿದರೆ ಸುಮಾರು 890 ಕಿಲೋಜೌಲ್ ಶಾಖ ಹೊರಬೀಳುತ್ತದೆ. ರಸಾಯನಶಾಸ್ತ್ರ ಇದನ್ನು ಎಂಥಾಲ್ಪಿಯ ಬದಲಾವಣೆ ಎನ್ನುತ್ತದೆ.

ಪದದ ಬೇರು ಗ್ರೀಕ್: 'ಎನ್' ಎಂದರೆ ಒಳಗೆ, 'ಥಾಲ್ಪೊಸ್' ಎಂದರೆ ಬಿಸುಪು. ಟಂಕಿಸಿದ ಶ್ರೇಯ, 1908ರಲ್ಲಿ ಹೀಲಿಯಂ ಅನಿಲವನ್ನು ಮೊದಲು ದ್ರವವಾಗಿಸಿದ ಡಚ್ ವಿಜ್ಞಾನಿ ಕಾಮರ್ಲಿಂಗ್ ಓನ್ನೆಸ್ ಅವರದು. ಅಚ್ಚಿನಲ್ಲಿ ಕಂಡದ್ದು 1909ರಲ್ಲಿ. ಹೆಸರು ಬಿಸಿಯನ್ನಷ್ಟೇ ಹೇಳಿದರೂ ಅರ್ಥ ಇನ್ನೂ ಅಗಲ. ವಸ್ತುವಿನ ಆಂತರಿಕ ಶಕ್ತಿಗೆ ಒತ್ತಡ ಮತ್ತು ಗಾತ್ರಗಳ ಗುಣಲಬ್ಧವನ್ನು ಕೂಡಿಸಿದರೆ ಎಂಥಾಲ್ಪಿ. ಅದರ ಒಟ್ಟು ಮೊತ್ತ ಅಳತೆಗೆ ಸಿಗದು, ಬದಲಾವಣೆ ಸಿಗುತ್ತದೆ: ಒತ್ತಡ ಸ್ಥಿರವಾಗಿದ್ದರೆ, ಬಂದು ಹೋಗುವ ಶಾಖವೇ ಆ ಬದಲಾವಣೆ. ತೆರೆದ ಒಲೆ, ತೆರೆದ ಬೀಕರ್ ಎರಡರಲ್ಲೂ ಇರುವುದು ವಾತಾವರಣದ ಒತ್ತಡವೇ ಆದ್ದರಿಂದ ಈ ಪದ ಇಷ್ಟು ಬಳಕೆಗೆ ಬಂತು.

ಮಕ್ಕಳು ಎಡವುವುದು ಈ ಬದಲಾವಣೆಯ ಧನ, ಋಣ ಚಿಹ್ನೆಯಲ್ಲಿ. ಅದನ್ನು ಕ್ರಿಯೆಯಲ್ಲಿರುವ ವಸ್ತುಗಳ ಕಡೆಯಿಂದ ಓದಬೇಕು, ನಮ್ಮ ಕಡೆಯಿಂದಲ್ಲ. ಸುಟ್ಟಸುಣ್ಣಕ್ಕೆ ನೀರೆರೆದರೆ ಕೊತಕೊತ ಕುದಿಯುತ್ತದೆ. ಶಾಖ ಹೊರಗೆ ಹೋಯಿತು, ಋಣ ಚಿಹ್ನೆ, ಬಹಿರುಷ್ಣಕ. ಸುಣ್ಣದಕಲ್ಲನ್ನು ಗೂಡಿನಲ್ಲಿ ಸುಡುವಾಗ ಕಲ್ಲೇ ಶಾಖವನ್ನು ಹೀರುತ್ತದೆ. ಅದು ಧನ ಚಿಹ್ನೆಯ ಅಂತರುಷ್ಣಕ ಕ್ರಿಯೆ.