ತೀರವಿಹಾರ: ಕಲಬುರಗಿ, ಕಮಲಾಪುರ

ಕಡಲಿನಿಂದ ಬಹುದೂರ, ದಖ್ಖನ ಪೀಠಭೂಮಿಯ ಒಳನಾಡಿನಲ್ಲಿ ನೆಲೆಸಿರುವ ಕಲಬುರಗಿ ನಗರದಲ್ಲಿಯೂ, ಹುಮನಾಬಾದಿನ ಹೆದ್ದಾರಿಯ ಮೇಲಿರುವ ಕಮಲಾಪುರದ ಸೀಮೆಯಲ್ಲಿಯೂ, ಜನರು ಬಿಡುವಿನ ವೇಳೆಯನ್ನು ಕೆರೆ ತೊರೆ ಜಲಾಶಯಗಳ ದಂಡೆಯಲ್ಲಿ ಕಳೆಯುವ ವಾಡಿಕೆಯೇ ಇಲ್ಲಿಯ ತೀರವಿಹಾರವು.

ಈ ತೀರಗಳಲ್ಲಿ ಅಗ್ರಗಣ್ಯವಾದುದು ನಗರದ ಶರಣಬಸವೇಶ್ವರ ಕೆರೆ. ಜನರ ಬಾಯಲ್ಲಿ ಅದು ಅಪ್ಪನ ಕೆರೆ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಜನಿಸಿ, ಕಲಬುರಗಿಯಲ್ಲಿ ನೆಲೆಸಿ, ದಾಸೋಹವನ್ನೇ ಬಾಳಿನ ವ್ರತವಾಗಿ ನಡೆಸಿದ ಶರಣಬಸವೇಶ್ವರರ (1746–1822) ದೇವಾಲಯದ ಮಗ್ಗುಲಲ್ಲಿ ಈ ಕೆರೆ ಇರುವುದರಿಂದ, ಹೋಳಿಹುಣ್ಣಿಮೆಯ ತರುವಾಯ ನಡೆಯುವ ರಥೋತ್ಸವಕ್ಕೆ ಬಂದ ಯಾತ್ರಿಕರಿಗೂ, ನಿತ್ಯ ಸಂಜೆ ಗಾಳಿಗೆ ಬರುವ ಊರವರಿಗೂ ಅದು ಸಮಾನವಾದ ಆಶ್ರಯವಾಗಿದೆ. ಮೇ ತಿಂಗಳಿನಲ್ಲಿ ತಾಪಮಾನವು 40 ಡಿಗ್ರಿಯನ್ನು ಮೀರುವ ಈ ನಾಡಿನಲ್ಲಿ, ಹೊತ್ತು ಇಳಿದ ಮೇಲೆ ನೀರನ್ನು ಸವರಿ ಬರುವ ಗಾಳಿಯ ಬೆಲೆಯನ್ನು ಹೊರಗಿನವರು ಊಹಿಸಲಾರರು. ದಂಡೆಯ ಮೇಲೆ ಕುಳಿತು ಸುಸಲಾ, ಮಿರ್ಚಿ ಭಜಿ ತಿನ್ನುತ್ತಾ ಮಾತಿನಲ್ಲಿ ಮೈಮರೆತವರಿಗೆ ಕತ್ತಲಾದದ್ದೂ ತಿಳಿಯುವುದಿಲ್ಲ.

ಕಡಲತೀರದ ಅಂಚನ್ನು ಭರತ ಇಳಿತಗಳು ದಿನದಿನವೂ ಸರಿಸಿದರೆ, ಇಲ್ಲಿಯ ಅಂಚನ್ನು ಮುಂಗಾರು ಬೇಸಗೆಗಳು ಸರಿಸುತ್ತವೆ. ಬೇಸಗೆಯಲ್ಲಿ ನೀರು ಹಿಂಜರಿದೆಡೆ ಕರಿಯ ಕೆಸರು ಒಣಗಿ, ಹಸ್ತ ತೂರುವಷ್ಟು ಅಗಲವಾಗಿ ಬಿರಿಯುತ್ತದೆ. ಈ ಕರಿಮಣ್ಣಿನ ಮೂಲವಾದರೂ ಅಗ್ನಿಶಿಲೆಯೇ. ಶಾಂತಸಾಗರದ ಹವಾಯಿ ದ್ವೀಪದಲ್ಲಿರುವ ಪುನಲುಉ ತೀರದ ಕಪ್ಪು ಮರಳೂ ಅಂಥ ಶಿಲೆಯದೇ; ಅದು ಕಾದ ಲಾವಾರಸವು ಕಡಲನ್ನು ಮುಟ್ಟಿದೊಡನೆ ಸಿಡಿದು ಚೂರಾದುದರ ಫಲ. ದಖ್ಖನದಲ್ಲಿ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದು ಹೆಪ್ಪುಗಟ್ಟಿದ ಅದೇ ಜಾತಿಯ ಕಲ್ಲು, ಬಿಸಿಲುಮಳೆಗಳಿಂದ ಸವೆದು ತೊಗರಿ ಬೆಳೆಯುವ ಎರೆಭೂಮಿಯಾಯಿತು. ಇಷ್ಟು ದೂರದ ಎರಡು ತೀರಗಳಿಗೆ ಒಂದೇ ಬಗೆಯ ಶಿಲೆ ತಾಯಿಯಾಗಿರುವುದು ನಿಜವಾಗಿಯೂ ವಿಸ್ಮಯಕರವಾದ ಸಂಗತಿ.

ಕಮಲಾಪುರದ ದಾರಿಯಲ್ಲಿ ಬೆಣ್ಣೆತೊರೆಯ ಮೇಲಿನ ಕುರಿಕೋಟಾ ಸೇತುವೆಯೂ, ಬೆಳಕೋಟಾ ಬಳಿಯ ಗಂಡೋರಿ ನಾಲಾ ಜಲಾಶಯವೂ ಮಳೆಗಾಲ ಮುಗಿದೊಡನೆ ಜನರನ್ನು ಸೆಳೆಯುತ್ತವೆ. ಬೆಣ್ಣೆತೊರೆಯು ಕಾಗಿಣೆಯನ್ನೂ, ಕಾಗಿಣೆಯು ಭೀಮೆಯನ್ನೂ, ಭೀಮೆಯು ಕೃಷ್ಣೆಯನ್ನೂ ಸೇರಿ ಕೊನೆಗೆ ಬಂಗಾಳ ಉಪಸಾಗರವನ್ನು ಕೂಡುವುದರಿಂದ, ಕುರಿಕೋಟಾದಲ್ಲಿ ನಿಂತು ನೋಡುವ ನೀರಿಗೂ ಕಡಲಿನ ನಂಟುಂಟು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆಯನ್ನು ಸವಿಯದೆ ಈ ವಿಹಾರವು ಪೂರ್ಣವಾಗದು. ಸಾಮಾನ್ಯ ಬಾಳೆಗಿಂತ ಹೆಚ್ಚು ಕಾಲ ಬೇಡುವ ಈ ಬೆಳೆಯನ್ನು ರೈತರು ತಾಳ್ಮೆಯಿಂದ ಉಳಿಸಿಕೊಂಡು ಬಂದಿದ್ದಾರೆ.

ಕಡಲು ತನ್ನ ತೀರವನ್ನು ತಾನೇ ತೊಳೆದುಕೊಳ್ಳಬಲ್ಲುದು. ಕೆರೆಗೆ ಆ ಶಕ್ತಿಯಿಲ್ಲ. ಚರಂಡಿಯ ನೀರನ್ನೂ, ತಿಂದುಳಿದ ಕಸವನ್ನೂ ಅದರೊಳಕ್ಕೆ ಬಿಡದಿರುವುದು, ಅದರ ದಂಡೆಯಲ್ಲಿ ತಂಪುಗಾಳಿಯನ್ನು ಉಣ್ಣುವ ಪ್ರತಿಯೊಬ್ಬರ ಹೊಣೆ.