ದ್ರವಶೀತಲ ಗಣಕಯಂತ್ರದಲ್ಲಿ ಪ್ರೊಸೆಸರಿನ ಅಧಿಕ ಉಷ್ಣತೆ

ದ್ರವಶೀತಲ ಗಣಕಯಂತ್ರದಲ್ಲಿ ಪ್ರೊಸೆಸರಿನ ಶಾಖವನ್ನು ತಾಮ್ರದ ಫಲಕದ ಮೂಲಕ ದ್ರವವು ಹೀರಿಕೊಳ್ಳುತ್ತದೆ. ಪಂಪು ಅದನ್ನು ರೇಡಿಯೇಟರಿಗೆ ಸಾಗಿಸುತ್ತದೆ, ಫ್ಯಾನುಗಳು ಶಾಖವನ್ನು ಹೊರಹಾಕುತ್ತವೆ. ಉಷ್ಣತೆ ಮಿತಿ ಮೀರಿದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಎಲ್ಲ ಅಧಿಕ ಉಷ್ಣತೆಯೂ ದೋಷವಲ್ಲ: 2022ರ ರೈಜನ್ 7000 ಸರಣಿಯ ಹಲವು ಪ್ರೊಸೆಸರ್‌ಗಳು ಭಾರೀ ಕೆಲಸದಲ್ಲಿ 95 °ಸೆ. ತಲುಪುವಂತೆಯೇ ರೂಪಿತವಾಗಿವೆ.

ದೋಷದ ನೆಲೆಯನ್ನು ಉಷ್ಣತೆ ಏರುವ ವೇಗದಿಂದಲೇ ಬಹುಮಟ್ಟಿಗೆ ಊಹಿಸಬಹುದು. ಹೆಚ್ಚಿನ ಕೆಲಸವಿಲ್ಲದಿದ್ದರೂ ಕೆಲವೇ ಕ್ಷಣಗಳಲ್ಲಿ 90 °ಸೆ. ದಾಟಿ, ರೇಡಿಯೇಟರ್ ಮಾತ್ರ ತಣ್ಣಗಿದ್ದರೆ, ಪಂಪು ನಿಂತಿರಬಹುದು ಅಥವಾ ಫಲಕವು ಪ್ರೊಸೆಸರಿಗೆ ಸರಿಯಾಗಿ ತಾಗದಿರಬಹುದು. ಫಲಕದ ರಕ್ಷಣಾ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯದೆ ಜೋಡಿಸುವುದು ಅಪರೂಪದ ತಪ್ಪೇನಲ್ಲ. ಹಲವು ನಿಮಿಷಗಳಲ್ಲಿ ನಿಧಾನವಾಗಿ ಏರಿದರೆ ರೇಡಿಯೇಟರಿನ ಧೂಳನ್ನೂ ಫ್ಯಾನುಗಳನ್ನೂ ಪರೀಕ್ಷಿಸಬೇಕು. ಇಡೀ ರೇಡಿಯೇಟರ್ ಪಂಪಿಗಿಂತ ಕೆಳಗಿದ್ದರೆ ಗಾಳಿಗುಳ್ಳೆಗಳು ಪಂಪಿನಲ್ಲಿ ಸೇರಿ ಹರಿವು ಕುಗ್ಗುತ್ತದೆ.